ಮಾಗ್ನಿ ಸ್ಟಾಡ್ ಸುತ್ತಿದ್ದು

ಮಾಗ್ನಿಯನ್ನು ಮಣ್ಣು ಮಾಡಿದ ದಿನ ನಮ್ಮೂರು ಸೆಲ್ಯೆಯಲ್ಲಿ ಗಾಳಿಯೇ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಅಂಥ ದಿನ ಅಪರೂಪ. ಇಗರ್ಜಿಯಿಂದ ಹೊರಬಂದವರೆಲ್ಲ ರೂಢಿಯಂತೆ ಮೊದಲು ಪಡುವಣಕ್ಕೆ ತಿರುಗಿ ಸಮುದ್ರ ನೋಡಿದರು, ಆಮೇಲೆ ಗುಂಡಿಯ ಕಡೆ ನಡೆದರು. ಅದಕ್ಕೂ ಮೊದಲು ಒಳಗೆ ಪಾದ್ರಿ ಅವಳನ್ನು ‘ಶಾಂತ ಸ್ವಭಾವದ ಹೆಂಗಸು’ ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿ ಊರಿಗೆ ಹೊಸಬ, ಅವನ ತಪ್ಪಲ್ಲ.

ಅವಳದು ಉಡದ ಪಟ್ಟು. ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆಯಲ್ಲಿ ಹದಿನಾರಕ್ಕೆ ಸೇರಿ, ಕೈಬೆರಳು ಸೆಟೆದುಕೊಳ್ಳುವವರೆಗೆ ದುಡಿದಳು. ಉಳಿದ ಹೊತ್ತಿನಲ್ಲಿ ಊರಿನ ಹಾಯಿಗಳಿಗೆ ತೇಪೆ ಹಾಕುತ್ತಿದ್ದಳು. ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿಕೊಂಡು, ಬಸಿಯಲ್ಲಿ ಕಾಫಿ ಸುರಿದು, ಸೊರ್ರೆಂದು ಕುಡಿಯುತ್ತಿದ್ದಳು. ಮಾತಾಡುವಾಗಲೂ ಸಕ್ಕರೆ ಬಿಡುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಗಂಡ ಐವಿನ್ ಇದ್ದ, ಎದುರು ಮನೆಯಲ್ಲಿ ಗೆಳತಿ ಸಿಗ್ನೆ ಇದ್ದಳು, ತೆರ್ನಾ ಎಂಬ ದೋಣಿ ಇತ್ತು. ತನಗೆ ಇಷ್ಟು ಸಾಕು ಎಂದು ಅವಳು ಯಾವತ್ತೂ ಹೇಳಲಿಲ್ಲ, ಆದರೆ ಹಾಗೆಯೇ ಬದುಕಿದಳು.

ತೆರ್ನಾ ಐವಿನನ ಅಪ್ಪನ ಕಾಲದ್ದು. ಊರಿನ ದೋಣಿಗಳೆಲ್ಲ ಎಂಜಿನ್ ಕೂರಿಸಿಕೊಂಡ ಮೇಲೂ ಅದು ಹಾಯಿಯ ಮೇಲೆಯೇ ಓಡಿತು. ಬೇಸಿಗೆ ಬಂದರೆ ಆ ಮನೆತನದವರು ಸ್ಟಾಡ್ ಭೂಶಿರ ಸುತ್ತಿ ಉತ್ತರದ ಬದಿಗೆ ಹೋಗಿ, ಅಲ್ಲಿನ ಗುಡಿಸಲುಗಳಲ್ಲಿದ್ದು ಮೀನು ಹಿಡಿದು ಒಣಗಿಸುವರು. ಹೋಗುವುದರಲ್ಲಿ ಒಂದು ಕಟ್ಟಳೆ. ಸ್ಟಾಡ್‌ಗೆ ಮೊದಲೇ, ದಕ್ಷಿಣದ ದಂಡೆಯಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಇಳಿಸಿಬಿಡುವುದು. ಅವರು ಕಣಿವೆ ದಾರಿ ಹಿಡಿದು ನಡೆದು ಭೂಶಿರದ ಆಚೆ ಮಗ್ಗುಲಿನ ಲೈಕಾಂಗೆರ್ ದೋಣಿಕಟ್ಟೆಗೆ ಬರಬೇಕು. ಗಂಡಸರು ಹಗುರಾದ ದೋಣಿಯಲ್ಲಿ ಸುತ್ತಿ ಬರುವರು. ಅರ್ಧ ದಾರಿಯಲ್ಲಿ ಹೆಂಗಸರು ಬೆಟ್ಟದ ಅಂಚಿಗೆ ಹತ್ತಿ, ಕೆಳಗೆ ಹೋಗುವ ದೋಣಿಗೆ ಬಟ್ಟೆ ಬೀಸುವರು. ದೋಣಿಯಿಂದ ಯಾರಾದರೂ ಟೋಪಿ ಬೀಸಿದರೆ ನೆಮ್ಮದಿಯಾಗಿ ಮುಂದೆ ನಡೆಯುವರು.

ಸ್ಟಾಡ್ ಮುಟ್ಟುವವರೆಗಿನ ಒಳಗಿನ ನೀರಿನಲ್ಲೆಲ್ಲ ಚುಕ್ಕಾಣಿ ಹಿಡಿಯುತ್ತಿದ್ದವಳು ಮಾಗ್ನಿಯೇ. ಐವಿನ್ ಬಲೆಯ ಮೇಲೆ ಬಿದ್ದು ಗೊರಕೆ ಹೊಡೆಯುತ್ತಿದ್ದ. ಆ ದಂಡೆ ಬಂದಾಗ ಮಾತ್ರ ಎದ್ದು ಕಣ್ಣುಜ್ಜಿಕೊಂಡು, “ಇಳಿ ಮಾರಾಯ್ತಿ, ಇನ್ನು ನಂದು” ಎನ್ನುತ್ತಿದ್ದ. ಅವಳು ಇಳಿಯುತ್ತಿದ್ದಳು. ಅವಳ ಅತ್ತೆಯೂ ಇಳಿದಿದ್ದಳು, ಅತ್ತೆಯ ಅತ್ತೆಯೂ.

ಐವಿನ್ ಸಮುದ್ರದಲ್ಲಿ ಸಾಯಲಿಲ್ಲ. ದೋಣಿಮನೆಯ ಸೂರಿಗೆ ಹೊದಿಸಿದ ಕಲ್ಲು ಸರಿಮಾಡಲು ಹತ್ತಿ, ಜಾರಿ ಬಿದ್ದು ಹೋದ. ಮರು ವಸಂತದಲ್ಲಿ ಅವನ ತಮ್ಮ ರಾಸ್ಮುಸ್ ಮಾಗ್ನಿಯ ಅಡುಗೆಮನೆಗೆ ಬಂದು ಕೂತ.

“ಅತ್ತಿಗೆ, ತೆರ್ನಾನ ನಮ್ಮನೆಗೆ ಕಳಿಸಿಬಿಡಿ.”

“ಯಾಕೆ? ಇಲ್ಲಿ ಅದಕ್ಕೇನು ಕಡಿಮೆಯಾಗಿದೆ?”

“ಬೇಸಿಗೇಲಿ ಅದು ಸ್ಟಾಡ್ ಸುತ್ತಬೇಕು. ನಿಂತ ದೋಣಿ ಕೊಳೆಯುತ್ತೆ, ನಿಮಗೆ ಗೊತ್ತಿಲ್ದೇ ಇರೋದಾ?”

“ಸುತ್ತುತ್ತೆ. ನಾನು ತಗೊಂಡು ಹೋಗ್ತೀನಿ.”

ರಾಸ್ಮುಸ್ ನಕ್ಕ. “ಯಾರ ಜೊತೆ?”

“ಒಬ್ಬಳೇ. ಗಂಡಸೊಬ್ಬನ್ನ ಕೂರಿಸ್ಕೊಂಡ್ರೆ ಸಂಜೆ ಹೊತ್ತಿಗೆ ಅದು ಅವನ ದೋಣಿ ಆಗಿರುತ್ತೆ.”

“ಬೇಡ ಅತ್ತಿಗೆ. ಮೇಲೊಬ್ಬ ಮುದುಕಿ ಆಗ್ಲೇ ಕೂತಿದ್ದಾಳೆ. ಕೆಳಗೆ ಇನ್ನೊಬ್ಬಳು ಬಂದ್ರೆ ಸಹಿಸ್ತಾಳಾ?”

ಸ್ಟಾಡ್‌ನ ತುದಿಯಲ್ಲಿರುವ ಬೆಟ್ಟದ ಹೆಸರೇ ‘ಮುದುಕಿ.’ ಮಾಗ್ನಿ ಸಕ್ಕರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

“ಕೇಳು ರಾಸ್ಮುಸ್. ಸಂತ ಓಲಾವನ ಹಬ್ಬದೊಳಗೆ ನಾನು ತೆರ್ನಾನ ಆಚೆ ಕಟ್ಟೆ ಮುಟ್ಟಿಸದಿದ್ರೆ ನೀನೇ ಬಂದು ಬಿಚ್ಚಿಕೊಂಡು ಹೋಗು. ನಾನು ಕಿಟಕಿಯಿಂದಲೂ ನೋಡೋದಿಲ್ಲ. ಮುಟ್ಟಿಸಿದ್ರೆ, ಇನ್ನು ಈ ಮಾತು ಎತ್ತಬಾರದು.”

“ಆಯ್ತು,” ಎಂದ ರಾಸ್ಮುಸ್. ಅವನು ಕೆಟ್ಟವನಲ್ಲ. ಅಣ್ಣನ ದೋಣಿ ದಡದಲ್ಲಿ ಒಣಗಿ ಬಿರಿಯುವುದನ್ನು ನೋಡಲಾರದವನು, ಅಷ್ಟೇ.

ಆ ಹಬ್ಬ ಬರುವುದು ಜುಲೈ ಕೊನೆಗೆ. ಆ ವರ್ಷ ವಾಯವ್ಯದ ಬಿರುಗಾಳಿ ಬೇಗ ಬಿಡಲಿಲ್ಲ. ಸ್ಟಾಡ್ ಎದುರಿಗಿರುವವರಿಗೆ ಕಾಯುವುದೂ ಒಂದು ಕಸುಬು. ಆದರೆ ಹೆಂಗಸು ಕಾದರೆ ಜನಕ್ಕೆ ತಮಾಷೆ. ಅಂಗಡಿಯಲ್ಲಿ ಯಾರೋ, “ಏನು ಮಾಗ್ನಿ, ಮುದುಕಿ ಇನ್ನೂ ಬಾಗಿಲು ತೆಗೀಲಿಲ್ವಾ?” ಎಂದರೆ, “ತಲೆ ಬಾಚ್ಕೊಳ್ತಿದ್ದಾಳೆ, ನಿನ್ನ ಹಾಗೆ ಬೋಳಲ್ಲವಲ್ಲ” ಎನ್ನುತ್ತಿದ್ದಳು.

ಕೊನೆಗೊಂದು ದಿನ ಗಾಳಿ ತಣಿದು ದಕ್ಷಿಣಕ್ಕೆ ತಿರುಗಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಮಾಗ್ನಿ ಹಾಯಿ ಏರಿಸಿದಳು. ಸಿಗ್ನೆ ಬಿಳಿಯ ಮೇಜುಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಕಣಿವೆ ದಾರಿ ಹಿಡಿದಳು. ಯಾರಾದರೊಬ್ಬರು ಬೆಟ್ಟದ ಅಂಚಿನಲ್ಲಿ ನಿಲ್ಲಲೇಬೇಕಲ್ಲ.

ಗಂಡಸರು ಹೋಗುತ್ತಿದ್ದ ಜಾಡು ಮಾಗ್ನಿಗೆ ಬಾಯಿಪಾಠವಾಗಿತ್ತು. ಅದನ್ನು ಅವಳು ದೋಣಿಯಲ್ಲಿ ಕೂತು ಕಂಡದ್ದಲ್ಲ, ಮೇಲಿನಿಂದ ನೋಡಿದ್ದು. ಎರಡು ಬಂಡೆಗಳ ಹೊರಗೆ, ನೇರ ನಿಂತ ಬೆಟ್ಟದ ಕಪ್ಪು ಗೋಡೆಯ ಉದ್ದಕ್ಕೆ, ಬೆಟ್ಟದ ಮೇಲಿನ ಮನುಷ್ಯ ಕಾಣುವಷ್ಟು ಹತ್ತಿರ. ಅದೇ ಜಾಡಿನಲ್ಲಿ ಹೋದಳು. ಬಿಸಿಲಿತ್ತು. ಬೆನ್ನಿಗೆ ಗಾಳಿ ಹದವಾಗಿತ್ತು.

ಗೋಡೆಯ ಬುಡಕ್ಕೆ ಬರುತ್ತಿದ್ದಂತೆ ಗಾಳಿ ಸತ್ತಿತು. ಬೆಟ್ಟ ಅದನ್ನು ನುಂಗಿಬಿಟ್ಟಿತ್ತು. ಆದರೆ ಸಮುದ್ರ ಸತ್ತಿರಲಿಲ್ಲ. ಹಳೆಯ ಬಿರುಗಾಳಿಯ ಅಲೆಗಳು ಇನ್ನೂ ವಾಯವ್ಯದಿಂದ ಬಂದು ಕಲ್ಲಿಗೆ ಬಡಿದು ಹಿಂದಿರುಗುತ್ತಿದ್ದವು. ಬರುವ ಅಲೆಯೂ ಹೋಗುವ ಅಲೆಯೂ ಎದುರಾದಲ್ಲಿ ನೀರು ಗೋಪುರದಂತೆ ನೇರ ಮೇಲೇಳುತ್ತಿತ್ತು. ಹಾಯಿ ಒದ್ದೆ ಬಟ್ಟೆಯಂತೆ ಪಟಪಟನೆ ಬಡಿದುಕೊಂಡಿತು. ಚುಕ್ಕಾಣಿ ತಿರುಗಿಸಿದರೆ ದೋಣಿ ಮಾತು ಕೇಳಲೇ ಇಲ್ಲ. ತಲೆಯೆತ್ತಿದರೆ ಬೆಟ್ಟದ ಅಂಚಿನಲ್ಲಿ ಬಿಳಿಯ ಬಟ್ಟೆ ಹುಚ್ಚು ಹಿಡಿದಂತೆ ಹಾರಾಡುತ್ತಿತ್ತು. ಮಾಗ್ನಿ ಹುಟ್ಟು ಹಾಕಿ ಇನ್ನಷ್ಟು ಅದರ ಕಡೆಗೇ ಸರಿದಳು. ಮುಂದಿನ ಅಲೆ ಒಂದು ಹುಟ್ಟನ್ನು ಕಸಿದುಕೊಂಡಿತು, ಅದರ ಮುಂದಿನದು ದೋಣಿಯೊಳಗೇ ಬಂದು ಕೂತಿತು.

ಅವಳು ನೀರು ಮೊಗೆದಳು. ಮೊಗೆಯುತ್ತ ಐವಿನನನ್ನು ಬೈದಳು, ಸೂರನ್ನು ಬೈದಳು. ಉಳಿದ ಒಂದು ಹುಟ್ಟಿನಲ್ಲಿ ದೋಣಿಯ ಮೂತಿಯನ್ನು ಹೊರಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಸಮುದ್ರದ ಇಳಿತ ಶುರುವಾಗಿ ಸೆಳವು ದೋಣಿಯನ್ನು ಗೋಡೆಯಿಂದ ಹಿಂದಕ್ಕೆ ಎಳೆಯಿತು. ಇಲ್ಲದಿದ್ದರೆ ಈ ಕಥೆ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಗಾಳಿ ಸಿಕ್ಕಿದ ಕೂಡಲೇ ದೋಣಿಯನ್ನು ಸೆಲ್ಯೆ ಕಡೆ ತಿರುಗಿಸಿದಳು.

ಸಿಗ್ನೆ ಕಣಿವೆಯಲ್ಲಿ ಓಡುತ್ತ ಬಿದ್ದು, ಮೊಣಕಾಲು ಒಡೆದುಕೊಂಡು ಸಂಜೆ ಹೊತ್ತಿಗೆ ಮನೆ ಮುಟ್ಟಿದಳು. ಮಾಗ್ನಿ ಒಲೆಯ ಮುಂದೆ ಉಣ್ಣೆಯ ಹೊದಿಕೆಯೊಳಗೆ ಕೂತಿದ್ದಳು.

“ನಿನಗೆ ಕಣ್ಣಿಲ್ವೇನೇ?” ಎಂದು ಸಿಗ್ನೆ ಬಾಗಿಲಿನಿಂದಲೇ ಕಿರುಚಿದಳು. “ದೂರ ಹೋಗು, ದೂರ ಹೋಗು ಅಂತ ನಾನು ಬೀಸಿ ಬೀಸಿ ಸಾಯ್ತಿದ್ರೆ, ನೀನು ಗೋಡೆಗೇ ಬಂದು ಅಂಟಿಕೊಂಡ್ಯಲ್ಲ!”

“ಬಾ ಅಂದ ಹಾಗೆ ಕಂಡಿತು.”

“ಬಾ ಅಂತೀನಾ ನಾನು ಅಲ್ಲಿಗೆ?”

“ಬಟ್ಟೆ ಬೀಸಿದ್ರೆ ಹತ್ತಿರ ಹೋಗೋದು ಅಲ್ವಾ. ಇಷ್ಟು ವರ್ಷ ಗಂಡಸರೆಲ್ಲ ಬಂದ್ರಲ್ಲ.” ಹೀಗೆಂದ ಮಾಗ್ನಿ ಬಸಿಯನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೆಯೇ ಕೂತುಬಿಟ್ಟಳು.

ಮರುದಿನ ಬೆಳಗ್ಗೆ ರಾಸ್ಮುಸನ ದೋಣಿಮನೆಗೆ ಹೋದಳು. ಅವನು ಎಂಜಿನ್‌ಗೆ ಎಣ್ಣೆ ಬಿಡುತ್ತಿದ್ದ.

“ಬನ್ನಿ ಅತ್ತಿಗೆ. ಹೆದರಿದ್ರಂತೆ? ನನ್ನ ದೋಣಿಗೆ ಕಟ್ಟಿ ಎಳ್ಕೊಂಡು ಹೋಗ್ಲಾ?”

“ಒಂದು ಕೇಳ್ತೀನಿ, ನೇರವಾಗಿ ಹೇಳು. ನೀವು ಯಾಕೆ ಅಷ್ಟು ಹತ್ತಿರದಲ್ಲಿ ಹೋಗ್ತಿದ್ರಿ?”

“ಅದೇ ದಾರಿ. ಅಪ್ಪ ಹಾಗೇ ಹೋಗ್ತಿದ್ದ.”

“ನಿಮ್ಮಪ್ಪ ಯಾಕೆ ಹೋಗ್ತಿದ್ದ?”

“ಯಾಕೆ ಅಂದ್ರೆ…” ರಾಸ್ಮುಸ್ ಎಣ್ಣೆಯ ಡಬ್ಬಿ ಕೆಳಗಿಟ್ಟ. ಅವನ ಮುಖ ನಿಧಾನವಾಗಿ ಬದಲಾಯಿತು. “ಅಮ್ಮ ಮೇಲೆ ನಿಂತಿರ್ತಿದ್ದಳಲ್ಲ. ಕಾಣದಿದ್ರೆ ಅಳ್ತಿದ್ದಳು.”

ಆ ಗೋಡೆಯ ಬುಡದಲ್ಲಿ ಅವರ ಮನೆತನದ ಎಷ್ಟೋ ಗಂಡಸರು ಮುಳುಗಿ ಸತ್ತಿದ್ದರು. ಹೆಂಗಸರಿಗೆ ಅಪಾಯ ಬೇಡವೆಂದು ಅವರನ್ನು ಇಳಿಸಿದವರು, ಅವರಿಗೆ ಕಾಣಲೆಂದು ಅಪಾಯದೊಳಗೇ ಹೋಗಿ ಬರುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಹೇಳುವ ಮೊದಲೇ ಅದು ರೂಢಿಯಾಗಿಬಿಟ್ಟಿತ್ತು.

“ಹಬ್ಬಕ್ಕೆ ಇನ್ನೂ ವಾರ ಇದೆ,” ಎಂದಳು ಮಾಗ್ನಿ.

“ಅತ್ತಿಗೆ, ಬಿಟ್ಬಿಡಿ. ದೋಣಿ ನಿಮ್ಮದೇ ಇರ್ಲಿ, ಆಯ್ತಾ?”

“ನೀನು ಕೊಟ್ಟದ್ದು ನನಗೆ ಬೇಡ.”

ಸಿಗ್ನೆಗೆ ಅವಳು ಹೇಳಿದ್ದು ಇಷ್ಟೇ. “ಈ ಸಲ ನೀನು ಬೆಟ್ಟ ಹತ್ತಬೇಡ. ನೀನು ಅಲ್ಲಿದ್ದೀಯ ಅಂತ ಗೊತ್ತಾದ್ರೆ ನನ್ನ ಕೈ ತಾನಾಗೇ ಆ ಕಡೆ ತಿರುಗುತ್ತೆ. ನೇರ ಕಟ್ಟೆಗೆ ಹೋಗು. ನಾನು ಯಾರಿಗೂ ಕಾಣದಷ್ಟು ದೂರ ಹೋಗ್ತೀನಿ.”

“ಕಾಣದಷ್ಟು ದೂರ ಹೋದ್ರೆ ಬದುಕಿದ್ದೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಬಂದಾಗ ಗೊತ್ತಾಗುತ್ತೆ.”

ನೈಋತ್ಯದ ಬಿರುಸು ಗಾಳಿ ಬೀಸುತ್ತಿದ್ದ, ಮೋಡ ಕವಿದ ಬೆಳಗ್ಗೆ ಅವಳು ಹೊರಟಳು. ಹಳೆಯ ಅಲೆ ಆ ಹೊತ್ತಿಗೆ ಮಲಗಿತ್ತು. ಜನ ಮೇಲೆ ಆಕಾಶ ನೋಡಿ, ಇವತ್ತು ಬೇಡವಾಗಿತ್ತು ಎಂದರು. ಅವಳು ಕೆಳಗೆ ನೀರು ನೋಡಿ ಹೊರಟಿದ್ದಳು. ಹಾಯಿಯನ್ನು ಅರ್ಧಕ್ಕೆ ಮಡಿಸಿ ಕಟ್ಟಿ, ಗಾಳಿಯನ್ನು ಎಡ ಮಗ್ಗುಲಿಗೆ ತೆಗೆದುಕೊಂಡು, ಭೂಶಿರದ ಕಡೆಗಲ್ಲ, ತೆರೆದ ಸಮುದ್ರಕ್ಕೆ ನೇರ ನುಗ್ಗಿದಳು. ಬಂಡೆಗಳು ಹಿಂದಾದವು. ಕಪ್ಪು ಗೋಡೆ ಒಂದು ಗೆರೆಯಾಯಿತು. ಆಮೇಲೆ ಮಳೆಯ ತೆರೆಯೊಂದು ಬಂದು ಮುದುಕಿಯ ತಲೆಯನ್ನೂ ಮುಚ್ಚಿತು.

ಅಲ್ಲಿ ಹೆದರಿಕೆಯಾಯಿತು. ಅಲೆ ಕಂಡಲ್ಲ. ಅಲೆಗಳು ದೊಡ್ಡವಿದ್ದವು, ಆದರೆ ಉದ್ದವಾಗಿ ಸರದಿಯಲ್ಲಿ ಬರುತ್ತಿದ್ದವು. ದೋಣಿ ಒಂದೊಂದನ್ನೂ ಹತ್ತಿ ಉಸಿರುಬಿಟ್ಟು ಇಳಿಯುತ್ತಿತ್ತು. ಹೆದರಿಕೆಯಾದದ್ದು ನೋಡುವವರು ಇಲ್ಲದ್ದಕ್ಕೆ. ಹುಟ್ಟಿದಾಗಿನಿಂದ ಅವಳು ಯಾರ ಕಣ್ಣಳತೆಯಿಂದಲೂ ಆಚೆ ಹೋದವಳಲ್ಲ. ಅಮ್ಮ, ಊರು, ಗಂಡ, ಎದುರು ಮನೆಯ ಕಿಟಕಿ. ಈಗ ಅವಳು ಮುಳುಗಿದರೆ ಮುಳುಗಿದ ಗಳಿಗೆ ಯಾರಿಗೂ ಗೊತ್ತಾಗದು. ಕುತ್ತಿಗೆ ಮತ್ತೆ ಮತ್ತೆ ಬಲಕ್ಕೆ, ನೆಲದ ಕಡೆಗೆ ಹೊರಳಿತು. “ನೋಡಬೇಡ, ನೋಡಬೇಡ್ವೇ ಕತ್ತೆ” ಎಂದು ತನಗೆ ತಾನೇ ಗದರಿಕೊಂಡಳು. ಒಣ ರೊಟ್ಟಿಯೊಂದನ್ನು ಮುರಿದು ಬಾಯಿಗೆ ತುರುಕಿಕೊಂಡಳು. ಅಗಿಯುವ ಬಾಯಿಗೆ ಅಳು ಬರುವುದಿಲ್ಲ.

ಸಾಕಷ್ಟು ಹೊರಗೆ ಬಂದೆನೆಂದು ಅನ್ನಿಸಿದ ಮೇಲೂ ಇನ್ನಷ್ಟು ಹೋದಳು. ಆಮೇಲೆ ತಿರುಗಬೇಕಿತ್ತು. ಗಾಳಿ ಬೆನ್ನಿಗೆ ಬಂದು ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುವ ಗಳಿಗೆ ಅದು. ಐವಿನ್ ಅದನ್ನು ತೋಳಬಲದಿಂದ ಮಾಡುತ್ತಿದ್ದ. ಅವಳಿಗೆ ಆ ತೋಳಿರಲಿಲ್ಲ. ದೊಡ್ಡ ಅಲೆಗಳು ಹಾದುಹೋಗಲು ಬಿಟ್ಟು, ಹಾಯಿಯನ್ನು ಪೂರಾ ಇಳಿಸಿದಳು. ಬರಿಗಂಬದ ದೋಣಿಯನ್ನು ತಿರುಗಿಸಿ, ಮತ್ತೆ ಹಗ್ಗ ಎಳೆದು ಏರಿಸಿದಳು. ಅಂಗೈ ಸುಲಿಯಿತು. ತೆರ್ನಾ ಒಮ್ಮೆ ಮೈಕೊಡವಿ, ಅಲೆಗಳ ಬೆನ್ನೇರಿ ಈಶಾನ್ಯಕ್ಕೆ ಓಡಿತು.

ಲೈಕಾಂಗೆರ್ ಕಟ್ಟೆಯಲ್ಲಿ ಸಿಗ್ನೆ ಒಂದು ಪೀಪಾಯಿಯ ಮೇಲೆ ಕೂತಿದ್ದಳು. ಬರಬೇಕಾದ ಹೊತ್ತು ಮೀರಿ ಬಹಳವಾಗಿತ್ತು. ಮಧ್ಯಾಹ್ನ ರಾಸ್ಮುಸ್ ಕಣಿವೆಯಿಂದ ಏದುಸಿರು ಬಿಡುತ್ತ ಬಂದ. ಸಿಗ್ನೆಗೆ ಮಾಗ್ನಿ ಹತ್ತಬೇಡ ಎಂದಿದ್ದ ಬೆಟ್ಟವನ್ನು ಅವನು ಹತ್ತಿದ್ದ.

“ಏನೂ ಇಲ್ಲ ಸಿಗ್ನೆ. ಗೋಡೆ ಹತ್ತಿರ ಇಲ್ಲ, ಹೊರಗೂ ಇಲ್ಲ. ನಾನು… ನಾನೇ ಕಳಿಸಿದ ಹಾಗಾಯ್ತಲ್ಲೇ.”

“ಕೂತ್ಕೋ. ಕಾಣೋದಿಲ್ಲ ಅಂತ ಅವಳೇ ಹೇಳಿದ್ಲು.” ಹೀಗೆ ಹೇಳಿದ ಸಿಗ್ನೆ ಪೀಪಾಯಿಯ ಮೇಲೆ ಅವನಿಗೆ ಜಾಗ ಬಿಟ್ಟಳು.

ತೆರ್ನಾ ಬಂದದ್ದು ಅವರು ನೋಡುತ್ತಿದ್ದ ದಿಕ್ಕಿನಿಂದಲ್ಲ. ಉತ್ತರದ ದ್ವೀಪಗಳ ಕಡೆಯಿಂದ, ಬೇರೆ ಊರಿನ ದೋಣಿಯ ಹಾಗೆ ಬಂತು. ಬೂದು ಹಾಯಿಯ ಮೇಲಿನ ತೇಪೆ ನೋಡಿ ಸಿಗ್ನೆಗೆ ಗುರುತು ಸಿಕ್ಕಿತು.

ಕಟ್ಟೆಯ ಅಂಚಿಗೆ ಓಡಿದ ರಾಸ್ಮುಸ್ ಎರಡೂ ಕೈ ಚಾಚಿದ. “ಹಗ್ಗ ಎಸೀರಿ ಅತ್ತಿಗೆ!”

“ಕೈ ತೆಗಿ. ನಾನೇ ಕಟ್ತೀನಿ.”

ಸುಲಿದ ಅಂಗೈಯಲ್ಲಿ ಅವಳು ಗಂಟು ಹಾಕಲು ಒದ್ದಾಡಿದಳು. ಇಬ್ಬರೂ ಕೈಕಟ್ಟಿ ನಿಂತು ನೋಡಿದರು. ಗಂಟು ಬಿಗಿದ ಮೇಲೆ ರಾಸ್ಮುಸ್ ಟೋಪಿ ತೆಗೆದು, “ನಿಮ್ಮ ದೋಣಿ ಚೆನ್ನಾಗಿ ಓಡ್ತು” ಎಂದ. ದೋಣಿ ಕೇಳುವ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಮರುವರ್ಷ ಮಾಗ್ನಿಯ ಜೊತೆ ದೋಣಿಯಲ್ಲಿದ್ದ ಸಿಗ್ನೆ, ಹೆಂಗಸರು ಇಳಿಯುವ ದಂಡೆ ಬಂದಾಗ ರೂಢಿಯಂತೆ ಇಳಿಯಲೆಂದು ಲಂಗ ಎತ್ತಿಕೊಂಡಳು. ಮಾಗ್ನಿ ಚುಕ್ಕಾಣಿಯಿಂದ ಏಳಲಿಲ್ಲ, ದೋಣಿಯನ್ನು ದಂಡೆಗೆ ತಾಗಿಸಲೂ ಇಲ್ಲ.

“ಕೂತ್ಕೋ ಕಣೇ.”

ಸಿಗ್ನೆ ಕೂತಳು. ದಾರಿಯುದ್ದಕ್ಕೂ ವಾಂತಿ ಮಾಡಿದಳು. ನಡುನಡುವೆ ತಲೆಯೆತ್ತಿದಾಗ, ಎಲ್ಲೂ ನೆಲ ಕಾಣದ ಆ ನೀರಿನ ಮೇಲೆ ಗೆಳತಿ ಸಕ್ಕರೆ ಕಚ್ಚಿಕೊಂಡು ಮುಂದೆ ನೋಡುತ್ತ ಕೂತಿದ್ದಳು. ಒಮ್ಮೆಯೂ ಬಲಕ್ಕೆ, ನೆಲದ ಕಡೆಗೆ ತಿರುಗಿ ನೋಡಲಿಲ್ಲ.