ಎಲ್ಲರಿಗೂ ಒಂದೇ ಪಾಸ್‌ವರ್ಡ್

ಭದ್ರಾವತಿಯ ಆ ಫೌಂಡ್ರಿ ಆಫೀಸಿನಲ್ಲಿ ಅರ್ಧ ಕಂಪ್ಯೂಟರು ವಿಂಡೋಸ್, ಅರ್ಧ ಲಿನಕ್ಸ್. ಫೈಲು ಹಂಚಿಕೊಳ್ಳಲು ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಟ್ಟು ಶಿವಮೊಗ್ಗಕ್ಕೆ ಮರಳಿದ್ದೆ. ವಾರದಲ್ಲೇ ಮಾಲೀಕರ ಫೋನು: ಡ್ರಾಯಿಂಗ್ ಫೋಲ್ಡರೇ ಮಾಯ.

ಹೋದಾಗ ಡ್ರಾಯಿಂಗ್ ಮಾಡುವ ಸರಳಾ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಳು.

"ಇವಳೇ ಅಳಿಸಿದ್ದು. ನಾಳೆಯಿಂದ ಬರೋದು ಬೇಡ ಅಂದಿದೀನಿ," ಎಂದರು ಮಾಲೀಕರು.

ಯಾರು ಯಾವ ಫೈಲಿಗೆ ಏನು ಮಾಡಿದರೆಂದು ಬರೆದಿಡುವ ಸರ್ವರಿನ ದಾಖಲೆ ತೆರೆದೆ. ಅಳಿಸಿದವರ ಜಾಗದಲ್ಲಿ ಮಾಲೀಕರದೇ ಹೆಸರು.

"ನಾನಲ್ಲ ಮಾರಾಯ. ನಿನ್ನ ಲಾಗಿನ್ ತಾಪತ್ರಯ ಬೇಡ ಅಂತ ಎಲ್ಲರಿಗೂ ನನ್ನ ಪಾಸ್‌ವರ್ಡೇ ಕೊಟ್ಟಿದ್ದೆ. ನಾವೆಲ್ಲ ಒಂದೇ ಮನೆಯವರ ಥರ."

"ಹಾಗಾದ್ರೆ ಇವರೇ ಅಂತ ಹೇಗೆ ಗೊತ್ತಾಯ್ತು?"

"ಇನ್ಯಾರು? ಉಳಿದವರೆಲ್ಲ ನಮ್ಮ ನೆಂಟರು."

ಇವರೇ ಅನ್ನೋದಕ್ಕೆ ದಾಖಲೆಯಲ್ಲಿ ಏನೂ ಇಲ್ಲ ಎಂದೆ. ಬ್ಯಾಕಪ್‌ನಿಂದ ಫೋಲ್ಡರ್ ವಾಪಸ್ ತಂದೆ. ಸರಳಾಳ ಕೆಲಸ ಉಳಿಯಿತು. ಅವಳ ಕ್ಷಮೆಯನ್ನು ಯಾರೂ ಕೇಳಲಿಲ್ಲ. ಮಾಲೀಕರು ಕೇಳಿದ್ದು ಒಂದೇ ಬದಲಾವಣೆ: ಆ ದಾಖಲೆ ಇನ್ನು ಮುಂದೆ ತಮಗೊಬ್ಬರಿಗೇ ಕಾಣಬೇಕಂತೆ.