ಎಳೆ ಕೂಡುವ ತನಕ

ಕೆಳಗಿನ ಮನೆಯ ದರ್ಜಿಯ ಹೊಲಿಗೆ ಯಂತ್ರ ಬೆಳಗಾದರೆ ಟಕಟಕ ಎನ್ನತೊಡಗುತ್ತದೆ. ದಾರ ತುಂಡಾದಾಗ ಥಟ್ಟನೆ ನಿಲ್ಲುತ್ತದೆ. ಪೋಣಿಸಿದ ಮೇಲೆ ಮತ್ತೆ ಶುರು. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿ ಕೂತಿದ್ದಾಗ ಸ್ಲೈಡ್ ಅಕ್ಕನಿಗೆ ಅದೊಂದೇ ಜೊತೆ.

ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ಸ್ಲೈಡ್ ಮಾಡುವುದು ಅವರ ಕೆಲಸ. ಹೆಸರು ಅಲ್ಲಿಂದಲೇ ಅಂಟಿಕೊಂಡದ್ದು. ಬೇರಿನಲ್ಲಿ ಜೀವಕೋಶ ಒಂದು ಎರಡಾಗುವುದು ತುದಿಯಲ್ಲಿ ಮಾತ್ರ. ಬ್ಲೇಡು ತುಸು ಆಚೀಚೆಯಾದರೆ ಸ್ಲೈಡಿನಲ್ಲಿ ಅದು ಕಾಣುವುದಿಲ್ಲ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಲ್ಯಾಬಿಗೆ ಮರಳಿದ ದಿನ ಹಾಗೇ ಆದಂತಿತ್ತು. ಸಂಶೋಧನೆ ಮಾಡುವ ಹುಡುಗಿ ಹೊಸ ಪ್ರಯೋಗವೊಂದರ ಗ್ಲಾಸು ತಂದುಕೊಟ್ಟಿದ್ದಳು, ನೀರಿಗೆ ಬೇರು ಇಳಿಬಿಟ್ಟ ಈರುಳ್ಳಿಯದು. ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಸುಮ್ಮನೆ ಕೂತ ಕೋಶಗಳು. ಇನ್ನೊಂದು ಬೇರು ಕತ್ತರಿಸಿದರು. ಅದೂ ಅಷ್ಟೇ. ಅಕ್ಕ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ತಮ್ಮ ಬಲಗೈಯನ್ನೇ ನೋಡಿದರು. ಸಣ್ಣಗೆ ನಡುಗುತ್ತಿತ್ತು.

"ತುದಿ ಸಿಗ್ತಿಲ್ಲಮ್ಮ ಈ ಕೈಗೆ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹುಡುಗಿಗೆ ಸಂಕಟವಾಯಿತು. ಯಾವ ಗ್ಲಾಸಿಗೆ ಏನು ಮಾಡಿದೆ ಎಂದು ಸ್ಲೈಡ್ ನೋಡುವವರಿಗೆ ಹೇಳುವಂತಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಆದರೂ ಸ್ಟೂಲು ಹತ್ತಿರ ಎಳೆದುಕೊಂಡಳು.

"ಕೈ ಸರಿಯಾಗೇ ಇದೆ ಅಕ್ಕ. ಈ ಈರುಳ್ಳಿಗೆ ನಿನ್ನೆ ಎಕ್ಸ್‌ರೇ ಹಾಯಿಸಿದ್ದೆ. ಒಳಗೆ ಡಿಎನ್‌ಎ ಎಳೆ ತುಂಡಾಗಿದೆ."

ಕೋಶಗಳು ಸತ್ತಿಲ್ಲ ಎಂದು ವಿವರಿಸಿದಳು. ಎಳೆ ತುಂಡಾದದ್ದು ತಿಳಿಯುತ್ತಲೇ ಕೋಶ ಎರಡಾಗುವುದನ್ನು ತಡೆಹಿಡಿಯುತ್ತದೆ. ಮೊದಲು ರಿಪೇರಿ. ಅವಸರಪಟ್ಟರೆ ಮುರುಕು ಹೊಸ ಕೋಶಗಳಿಗೂ ಹೋಗುತ್ತದೆ. ತೀರಾ ಕೆಟ್ಟವು ಸಾಯುತ್ತವೆ, ಉಳಿದವು ಎಳೆ ಕೂಡಿದ ಮೇಲೆ ಮತ್ತೆ ಶುರುಮಾಡುತ್ತವೆ.

"ಜೀವ ಬಾಯಿಗೆ ಬಂದಿತ್ತು ನಂಗೆ," ಎಂದು ಅಕ್ಕ ಗದರಿದರು. ಗದರುತ್ತಲೇ ಕಣ್ಣೊರೆಸಿಕೊಂಡರು.

ಹೇಳಿಬಿಟ್ಟ ಮೇಲೆ ಆ ಗ್ಲಾಸು ಪ್ರಯೋಗದ ಲೆಕ್ಕಕ್ಕಿಲ್ಲ. ಆದರೆ ಅದನ್ನು ಚೆಲ್ಲಲು ಅಕ್ಕ ಬಿಡಲಿಲ್ಲ. ನೀರು ಬದಲಿಸಿ ಕಿಟಕಿಯ ಬಳಿ ಇಟ್ಟರು. ಹುಡುಗಿ ಸಮಾಧಾನಕ್ಕೆ ಹೇಳಿದಳೋ ಏನೋ ಎಂಬ ಅನುಮಾನ ಮಾತ್ರ ಮನೆಯವರೆಗೂ ಜೊತೆಗೆ ಬಂತು.

ವಾರದ ಕೊನೆಗೆ ಅದೇ ಈರುಳ್ಳಿಯ ಬೇರು ಕತ್ತರಿಸಿದರು. ಕೈ ಇನ್ನೂ ನಡುಗುತ್ತಿತ್ತು. ಬಣ್ಣ ಹಾಕಿ, ಹೆಬ್ಬೆರಳಿನಿಂದ ಒತ್ತಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಂದು ಕೋಶ ತನ್ನ ಎಳೆಗಳನ್ನು ಎರಡು ಕಡೆಗೆ ಎಳೆದುಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು. ಅಕ್ಕ ಬಹಳ ಹೊತ್ತು ತಲೆ ಎತ್ತಲಿಲ್ಲ.

ಆಮೇಲೆ ಎದ್ದು ಬ್ಲೇಡು ಕೈಗೆತ್ತಿಕೊಂಡು ಹುಡುಗಿಯ ಕಡೆ ತಿರುಗಿದರು. "ಉಳಿದ ಗ್ಲಾಸೆಲ್ಲ ತಂದಿಡು. ಯಾವುದಕ್ಕೆ ಏನ್ಮಾಡಿದೀಯಾ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ. ಹೇಳಿದ್ಯೋ, ಆಮೇಲೆ ನಾನು..." ಎನ್ನುತ್ತಲೇ ಬ್ಲೇಡು ತೊಳೆಯಲು ನಲ್ಲಿಯ ಕಡೆಗೆ ನಡೆದುಬಿಟ್ಟರು.