ಮಾತಾಡದ ಎಂಪಿಯ ಜೊತೆ ಬಾರಾನಗರಕ್ಕೆ

ಬೆಂಗಳೂರಿನಿಂದ ಎರಡು ರಾತ್ರಿ ಕೂತು ಹೌರಾದಲ್ಲಿ ಇಳಿಯುವಷ್ಟರಲ್ಲಿ ನನ್ನ ಚಿಂತೆಗಳು ಲಗೇಜಿಗಿಂತ ಭಾರವಾಗಿದ್ದವು. ಗ್ಯಾಸ್ ಆರಿಸಿದೆನೋ ಇಲ್ಲವೋ, ವಸುಧಕ್ಕ ಸ್ಟೇಷನ್ನಿಗೆ ಬರುತ್ತಾಳೋ ಇಲ್ಲವೋ. ಬಂದಿದ್ದಳು. ಆದರೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

ವಸುಧಕ್ಕ ನನ್ನ ದೊಡ್ಡಮ್ಮನ ಮಗಳು. ದೊಡ್ಡಪ್ಪನಿಗೆ ಬಿಬಿಡಿ ಬಾಗ್‌ನಲ್ಲಿ ಬ್ಯಾಂಕ್ ಕೆಲಸ. ಹಾಗಾಗಿ ಅವಳು ಬೆಳೆದದ್ದು, ಒಪೆರಾ ಎಂಬ ಪಾಶ್ಚಾತ್ಯ ಹಾಡುಗಾರಿಕೆ ಕಲಿತದ್ದು ಎಲ್ಲ ಕೋಲ್ಕತ್ತಾದಲ್ಲೇ. ಹೊರದೇಶಗಳಲ್ಲೆಲ್ಲ ಹಾಡಿ ಬಂದವಳು ಕಳೆದ ಚುನಾವಣೆಯಲ್ಲಿ ಎಂಪಿಯಾದಳು. ಆಮೇಲೆ ಹಾಡಿಯೇ ಇರಲಿಲ್ಲ. ಮರುದಿನ ಸಂಜೆ ತನ್ನ ಕ್ಷೇತ್ರದ ಬಾರಾನಗರದಲ್ಲಿ ಮತ್ತೆ ಹಾಡುವವಳಿದ್ದಳು. ನಾನು ಹೊರಟು ಬಂದದ್ದೇ ಅದಕ್ಕೆ.

ಕಾರಿನಲ್ಲಿ ಫೋನಿನ ಮೇಲೆ ಬರೆದು ತೋರಿಸಿದಳು: ‘ಭಾಷಣ ಮಾಡಿ ಮಾಡಿ ಗಂಟಲು ಕೆಟ್ಟಿದೆ. ಕೊನೆ ಹಾಡಲ್ಲಿ ಒಂದು ಸ್ವರ ತುಂಬಾ ಮೇಲಿದೆ. ನಾಳೆ ಸಂಜೆವರೆಗೂ ನಾನು ಮಾತಾಡಲ್ಲ. ಜನ ಬಂದ್ರೆ ನೀನೇ ಮಾತಾಡು.’

‘ನನಗೆ ಬಂಗಾಳಿ ಬರಲ್ಲಕ್ಕ.’

‘ಒಳ್ಳೇದೇ ಆಯ್ತು. ಸುಳ್ಳು ಭರವಸೆ ಕೊಡಲ್ಲ’ ಎಂದು ಮತ್ತೆ ಬರೆದಳು.

ಮರುದಿನ ಬೆಳಿಗ್ಗೆ ನಾನು ಲುಚಿ ಎಂಬ ಮೈದಾ ಪೂರಿ, ಆಲೂ ದಮ್ ಹೊಟ್ಟೆ ಬಿರಿಯ ತಿಂದೆ. ಅವಳು ಬಿಸಿನೀರು ಕುಡಿದಳು. ಹಾಡುವ ದಿನ ದೇವಿಗೆ ಕೈಮುಗಿಯುವುದು ಅವಳ ರೂಢಿ, ಹಾಗಾಗಿ ಮೆಟ್ರೋ ಹಿಡಿದು ನದಿ ದಡದ ದಕ್ಷಿಣೇಶ್ವರದ ಕಾಳಿ ಗುಡಿಗೆ ಹೋದೆವು. ಬೆಳಗಿನ ಹೊತ್ತಿಗೇ ಅಂಗಿ ಬೆನ್ನಿಗೆ ಅಂಟುವ ಸೆಕೆ. ಜನ ಗುರುತು ಹಿಡಿದು ಚರಂಡಿ, ಬೀದಿದೀಪ ಎಂದು ಮುತ್ತಿಕೊಂಡರು. ನಾನು ನನ್ನ ಮುರುಕು ಹಿಂದಿಯಲ್ಲಿ ಎಲ್ಲರಿಗೂ ‘ನೋಡೋಣ’ ಎಂದೆ. ಒಬ್ಬ ಮುದುಕ ನಕ್ಕು, ‘ಇರಲಿ ದಾದಾ, ಬಾಯಿ ಮುಚ್ಚಿ ಕೇಳಿಸಿಕೊಳ್ಳೋ ಎಂಪಿಯನ್ನ ಈಗಲೇ ನೋಡಿದ್ದು’ ಎಂದ.

ಅಷ್ಟರಲ್ಲಿ ದಾಸವಾಳದ ಹಾರ ಮಾರುವ ಹೆಂಗಸೊಬ್ಬಳು ಅಕ್ಕನ ಕೈ ಹಿಡಿದುಕೊಂಡಳು. ಅವಳ ಗಂಡನಿಗೆ ಎದೆನೋವು. ಆಸ್ಪತ್ರೆಯ ಹೊರಗೆ ಆಟೋದಲ್ಲೇ ಮಲಗಿದ್ದಾನೆ, ಹಾಸಿಗೆ ಖಾಲಿ ಇಲ್ಲವಂತೆ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ.

‘ಎಂಪಿ ಕಡೆಯಿಂದ ಅಂತ ದಿನಾ ಹತ್ತು ಜನ ಮಾಡ್ತಾರೆ. ನೀವು ಯಾರು?’

‘ಚಿಕ್ಕಮ್ಮನ ಮಗ’ ಎಂದೆ. ಆ ಕಡೆಯವನು ಫೋನಿಟ್ಟ.

ಅಕ್ಕ ನನ್ನನ್ನೊಮ್ಮೆ ನೋಡಿ ಫೋನು ಕಿತ್ತುಕೊಂಡಳು. ಗಾಡಿಗಳ ಹಾರ್ನ್, ಗುಡಿಯ ಗಂಟೆ, ದೋಣಿಗೆ ಕರೆಯುವವರ ಕೂಗು ಎಲ್ಲದರ ಮೇಲೆ ಅವಳ ದನಿ ಎದ್ದಿತು. ಒಬ್ಬರಾದ ಮೇಲೆ ಒಬ್ಬರ ಹತ್ತಿರ, ಹಾಸಿಗೆ ಸಿಗುವವರೆಗೂ ಕೂಗಾಡಿದಳು.

ಸಂಜೆ ಗ್ರೀನ್ ರೂಮಿನಲ್ಲಿ ದನಿ ತೆಗೆದು ನೋಡಿದಳು. ಆ ಮೇಲಿನ ಸ್ವರಕ್ಕೆ ಬರೀ ಗಾಳಿ ಬಂತು. ‘ರದ್ದು ಮಾಡೋಣ’ ಎಂದೆ. ‘ಟಿಕೆಟ್ ತಗೊಂಡು ಬಂದಿದ್ದಾರಲ್ಲೋ’ ಎಂದು ವೇದಿಕೆಗೆ ನಡೆದಳು.

ಸಣ್ಣ ದನಿಯಲ್ಲೇ ಎಲ್ಲ ಹಾಡಿದಳು. ಕೊನೆಯ ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿತು. ತುದಿಗೆ ಬಂದಾಗ ಅವಳು ಬಾಯಿ ಮುಚ್ಚಿ ಪಿಯಾನೋದ ಕಡೆ ಕೈ ಚಾಚಿದಳು. ಪಿಯಾನೋ ಒಂದೇ ಆ ಸ್ವರ ಮುಟ್ಟಿ ಇಳಿಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಕಣ್ಣು ಒರೆಸಿಕೊಂಡು.

ಮಾರನೆಯ ದಿನ ಹೌರಾದಲ್ಲಿ ಒಡಕು ದನಿಯಲ್ಲಿ ಕೇಳಿದಳು: ‘ಆ ಸ್ವರ ಬಿಟ್ಟದ್ದು ಗೊತ್ತಾಯ್ತಾ?’

‘ಯಾವ ಸ್ವರ?’ ಎಂದೆ, ಇಂಜಿನ್ನಿನ ಕಡೆ ನೋಡುತ್ತಾ.

‘ನೀನು ಮಾತ್ರ ಚುನಾವಣೆಗೆ ನಿಲ್ಬೇಡ ಕಣೋ. ಠೇವಣಿನೂ ಉಳಿಯಲ್ಲ.’

ರೈಲು ಹೊರಟಿತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಆಗಲೇ ನಾಲ್ಕಾರು ಜನ ಅವಳನ್ನು ಸುತ್ತುಗಟ್ಟಿದ್ದರು. ವಸುಧಕ್ಕ ಕೈಯಾಡಿಸುತ್ತಾ ಮಾತಾಡುತ್ತಿದ್ದಳು.